ಕೆಲಸ ಅಲುಗಾಡುವಾಗ

2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡು ವರ್ಷ ಬಿಟ್ಟು ಅದೇ ತಾರೀಖಿಗೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ, ಲಾಕ್‌ಡೌನಿನ ಮೊದಲ ವಾರಗಳಲ್ಲೇ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ ಹೋದವು. ಮೂರೇ ವರ್ಷಗಳಲ್ಲಿ ಈ ನಾಡಿನಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಹೆಸರು ಬೋರ್ಡಿನಿಂದ ಇಳಿಯಿತು. ಕಾಯಂ ನೌಕರರ ಸಂಬಳ ನಿಲ್ಲಲಿಲ್ಲ, ಪಿಂಚಣಿಗೂ ಧಕ್ಕೆಯಾಗಲಿಲ್ಲ. ಆದರೂ ಆ ದಿನಗಳಲ್ಲಿ ಉಡುಪಿ, ಮಂಗಳೂರು, ಮೈಸೂರಿನ ಶಾಖೆಗಳಲ್ಲಿ ಕೂತಿದ್ದವರ ಮುಖದಲ್ಲಿ ಸೂತಕದ ಕಳೆ ಇತ್ತು.

ಹೊರಗಿನವರಿಗೆ ಇದು ಅರ್ಥವಾಗಲಿಲ್ಲ. ಸಂಬಳ ಬರುತ್ತಿದೆಯಲ್ಲ, ಇನ್ನೇನು ಎಂದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿ, ದಿನಗೂಲಿಯವರ ಮನೆಬಾಗಿಲಿಗೆ ಹೋಗಿ ಆಣೆಗಳನ್ನು ಕೂಡಿಸಿತ್ತು. ಆ ಚರಿತ್ರೆಯ ಹೆಮ್ಮೆಯನ್ನೇ ನೌಕರರು ಮೂವತ್ತು ವರ್ಷ ಉಟ್ಟುಕೊಂಡಿದ್ದರು. ಅದರ ಜಾಗದಲ್ಲಿ ಹೊಸ ಸಾಫ್ಟ್‌ವೇರು ಬಂತು, ಹೊಸ ಸೀನಿಯಾರಿಟಿ ಪಟ್ಟಿ ಬಂತು, ಇನ್ನೊಂದು ಊರಿನ ಪ್ರಧಾನ ಕಚೇರಿ ಬಂತು, ಮುಂದಿನ ಟ್ರಾನ್ಸ್‌ಫರ್ ಎಲ್ಲಿಗೋ ಎಂಬ ಚಿಂತೆ ಬಂತು. ವಿಲಿಯಂ ಬ್ರಿಜಸ್ ಎಂಬ ಅಮೆರಿಕದ ಲೇಖಕರು 1980ರಿಂದಲೂ ಹೇಳುತ್ತ ಬಂದದ್ದು ಇದನ್ನೇ. ಆದೇಶ ಒಂದೇ ದಿನ ಜಾರಿಗೆ ಬರುತ್ತದೆ, ಮನಸ್ಸು ಮಾತ್ರ ಮೊದಲು ಹಳೆಯದನ್ನು ಬಿಟ್ಟುಕೊಡಬೇಕು, ಆಮೇಲೆ ಹಳೆಯದೂ ಅಲ್ಲದ ಹೊಸದೂ ಅಲ್ಲದ ಒಂದು ಮಬ್ಬಿನ ಕಾಲ ದಾಟಬೇಕು. ಆ ಮಬ್ಬಿನಲ್ಲಿರುವ ಮನುಷ್ಯನನ್ನು ಸೋಮಾರಿ, ಬದಲಾವಣೆಯ ವಿರೋಧಿ ಎಂದು ಕಚೇರಿಗಳು ತಪ್ಪಾಗಿ ಓದುತ್ತವೆ.

ಕೆಲಸ ಹೋಗದೆಯೇ ಇಷ್ಟಾದರೆ, ಹೋಗುತ್ತದೋ ಉಳಿಯುತ್ತದೋ ತಿಳಿಯದೆ ಇರುವವರ ಪಾಡೇನು? ದುಡಿಮೆಯ ಬದುಕಿನ ಬದಲಾವಣೆಯನ್ನು ಮನಸ್ಸು ಹೇಗೆ ತಾಳಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಸುಮಾರು ತೊಂಬತ್ತು ವರ್ಷಗಳಿಂದ ಉತ್ತರ ಹುಡುಕಲಾಗಿದೆ. ಅದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಜನರನ್ನು ಹೆಚ್ಚು ಕಂಗೆಡಿಸುವುದು ಕೆಟ್ಟ ಸುದ್ದಿಗಿಂತ ಸುದ್ದಿಯೇ ಇಲ್ಲದ ಕಾಯುವಿಕೆ, ಮತ್ತು ಅದನ್ನು ಒಬ್ಬಂಟಿಯಾಗಿ ಕಾಯಬೇಕಾಗಿ ಬರುವುದು. ಇವೆರಡೂ ವ್ಯಕ್ತಿಯ ಎದೆಗಾರಿಕೆಯಿಂದಷ್ಟೇ ನೀಗುವ ಸಂಗತಿಗಳಲ್ಲ. "ಮನಸ್ಸು ಗಟ್ಟಿ ಮಾಡ್ಕೋ" ಎಂಬ ಉಪದೇಶ ಇಷ್ಟು ಸಲೀಸಾಗಿ ಹರಿದಾಡುವ ಕಾಲದಲ್ಲಿ ಇದನ್ನು ಹೇಳುವ ಅಗತ್ಯವಿದೆ.

ಮೊದಲು ಕಾಯುವಿಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. 45 ಜನ ಕಂಪ್ಯೂಟರಿನ ಪರದೆಯಲ್ಲಿ ಕಲ್ಲುಗಳ ಅಡಿ ಹಾವಿದೆಯೋ ಇಲ್ಲವೋ ಊಹಿಸಬೇಕಿತ್ತು. ಹಾವಿದ್ದರೆ ಕೈಗೆ ಸಣ್ಣ ವಿದ್ಯುತ್ ಆಘಾತ. ಬೆವರು, ಕಣ್ಣಿನ ಪಾಪೆ, ಅವರೇ ಹೇಳಿಕೊಂಡ ಕಳವಳ, ಎಲ್ಲವನ್ನೂ ಅಳೆದಾಗ ಆಘಾತ ಖಚಿತ ಎಂದು ಗೊತ್ತಿದ್ದಾಗ ಒತ್ತಡ ಕಡಿಮೆಯಿತ್ತು, ಆಗಬಹುದು ಆಗದಿರಬಹುದು ಎಂಬ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಅತಿ ಹೆಚ್ಚಿತ್ತು. ಕೈಗೆ ಚುರುಕ್ಕೆನ್ನುವ ಆಘಾತಕ್ಕೂ ಮನೆಯ ಅನ್ನ ಹೋಗುವುದಕ್ಕೂ ಹೋಲಿಕೆ ಎಲ್ಲಿಯದು ಎಂದು ಕೇಳುವುದು ನ್ಯಾಯವೇ. ಅದಕ್ಕೆ ಪ್ರಯೋಗಶಾಲೆಯ ಹೊರಗಿನ ಸಾಕ್ಷಿ ಬ್ರಿಟನ್ನಿನ ಸರ್ಕಾರಿ ನೌಕರರಲ್ಲಿದೆ.

ಮೈಕಲ್ ಮಾರ್ಮಟ್ ನೇತೃತ್ವದಲ್ಲಿ 1985ರಲ್ಲಿ ಶುರುವಾದ ಎರಡನೆಯ ವೈಟ್‌ಹಾಲ್ ಅಧ್ಯಯನ ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯವನ್ನು ಹಿಂಬಾಲಿಸುತ್ತಿತ್ತು. ನಡುವೆ, ಸರ್ಕಾರಿ ಕಟ್ಟಡಗಳನ್ನು ನೋಡಿಕೊಳ್ಳುವ ಒಂದು ಇಲಾಖೆಯನ್ನು ಖಾಸಗಿಗೆ ಕೊಡುವ ತೀರ್ಮಾನವಾಯಿತು. ಜೇನ್ ಫೆರಿ ಮತ್ತು ಜೊತೆಗಾರರು ಆ ಇಲಾಖೆಯವರನ್ನು ಉಳಿದ ಇಲಾಖೆಯವರ ಪಕ್ಕ ಇಟ್ಟು ನೋಡಿ 1995ರಲ್ಲಿ ವರದಿ ಮಾಡಿದರು. ಇನ್ನೂ ಯಾರ ಕೆಲಸವೂ ಹೋಗಿರಲಿಲ್ಲ, ಬದಲಾವಣೆ ಬರಲಿದೆ ಎಂಬ ಗಾಳಿಸುದ್ದಿಯ ಹಂತದಲ್ಲೇ ಆ ಇಲಾಖೆಯವರ ಆರೋಗ್ಯ, ಅದರಲ್ಲೂ ಗಂಡಸರದ್ದು, ಕುಸಿಯತೊಡಗಿತ್ತು. ಕ್ಯಾಂಟೀನಿನ ಪಿಸುಮಾತು ದೇಹಕ್ಕೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ. ಕೆಲಸ ನಿಜವಾಗಿ ಹೋದಾಗಿನ ಪೆಟ್ಟು ಸಣ್ಣದು ಎಂದು ಇದರ ಅರ್ಥವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಾಮೂಹಿಕವಾಗಿ ಕೆಲಸ ಕಳೆದುಕೊಂಡ, ಬಹುಕಾಲ ಒಂದೇ ಕಡೆ ದುಡಿದಿದ್ದ ಗಂಡಸರ ಸಾವಿನ ಪ್ರಮಾಣ ಮರುವರ್ಷ ಐವತ್ತರಿಂದ ನೂರು ಪ್ರತಿಶತ ಏರಿತ್ತೆಂದು ಸಲಿವನ್ ಮತ್ತು ಫಾನ್ ವಾಕ್ಟರ್ 2009ರಲ್ಲಿ ತೋರಿಸಿದರು.

ಕೋಲಾರದ ಚಿನ್ನದ ಗಣಿ ಈ ಕಾಯುವಿಕೆಯನ್ನು ಒಂದು ಊರಿನ ಅಳತೆಯಲ್ಲಿ ತೋರಿಸುತ್ತದೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಗೆಸಿದ ಗಣಿ, 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಊರು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್. 1992ರಲ್ಲಿ, ಆಗ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಹೋಯಿತು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ನಡುವಿನ ಒಂಬತ್ತು ವರ್ಷ ಪ್ರತಿ ಪಾಳಿಯೂ ಕೊನೆಯದಾಗಬಹುದೆಂಬ ಅಳುಕಿನಲ್ಲಿ ಜನ ಕೇಜು ಹತ್ತಿ ಇಳಿದರು. ಮುಚ್ಚಿದ ಮೇಲಾದರೂ ಮುಗಿಯಿತೇ ಎಂದರೆ ಅದೂ ಇಲ್ಲ. ಕಾರ್ಮಿಕರ ಸಹಕಾರ ಸಂಘವೇ ಗಣಿ ನಡೆಸಬಹುದೆಂಬ ಮಾತು, ಮತ್ತೆ ತೆರೆಯುತ್ತಾರಂತೆ ಎಂಬ ಹೇಳಿಕೆ, 2013ರಲ್ಲಿ ಜಾಗತಿಕ ಟೆಂಡರಿಗೆ ದಾರಿ ಬಿಟ್ಟ ಸುಪ್ರೀಂ ಕೋರ್ಟ್ ತೀರ್ಪು, ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳಲ್ಲಿ ಉಳಿದಿರುವ ಚಿನ್ನದ ಲೆಕ್ಕಾಚಾರ. ಲೈನ್ ಮನೆಗಳಲ್ಲಿ ಒಂದು ತಲೆಮಾರು ಹೀಗೆ ಆಸೆಯ ತುದಿ ಹಿಡಿದುಕೊಂಡೇ ಮುಪ್ಪಾಯಿತು.

ಪಾಲೀನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ, ಯುದ್ಧದಲ್ಲಿ ಕಾಣೆಯಾದವರ ಮನೆಯವರನ್ನು ಕಂಡು, ಅಸ್ಪಷ್ಟ ನಷ್ಟ ಎಂಬ ಕಲ್ಪನೆ ಕೊಟ್ಟರು. ಸತ್ತಿದ್ದಾರೆಂದು ತಿಳಿದರೆ ತಿಥಿ ಮಾಡಿ ಮುಂದೆ ಹೋಗಬಹುದು, ಬದುಕಿದ್ದಾರೆಂದು ತಿಳಿದರೆ ಕಾಯಬಹುದು, ಎರಡೂ ತಿಳಿಯದವರ ದುಃಖ ಹೆಪ್ಪುಗಟ್ಟಿಬಿಡುತ್ತದೆ. ಕೆಜಿಎಫ್‌ನ ಹಿರಿಯರಿಗೆ ಗಣಿ ಅಂಥದ್ದು. ಅವರ ಮಕ್ಕಳು ಬೇರೆ ದಾರಿ ಕಂಡುಕೊಂಡರು. ಬೆಳಗಿನ ಕತ್ತಲಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಸಾವಿರಾರು ಜನರ ದಿನಚರಿಯೇ ಈಗ ಆ ಊರಿನ ಜೀವನಾಡಿ. ದಣಿವಿನ ಬದುಕು ನಿಜ. ಆದರೆ ರೈಲು ಎಷ್ಟು ಗಂಟೆಗೆ ಎಂಬುದಾದರೂ ಗೊತ್ತಿದೆ, ಜೊತೆಗೆ ಅದೇ ಬೋಗಿಯಲ್ಲಿ ದಿನಾ ಕೂರುವ ಗೆಳೆಯರಿದ್ದಾರೆ. ಈ ಎರಡು ಸಂಗತಿಗಳ ಬೆಲೆ ದೊಡ್ಡದು ಎಂಬುದು ಮುಂದೆ ತಿಳಿಯುತ್ತದೆ.

ಭದ್ರಾವತಿಯದ್ದು ಇದೇ ಕಥೆಯ ಇನ್ನೊಂದು ರೂಪ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೆ ನೂರು ತುಂಬುವ ವರ್ಷದ ಜನವರಿಯಲ್ಲಿ ಬೀಗ ಹಾಕುವ ನಿರ್ಧಾರ ಬಂತು, ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು, ಆಗಸ್ಟಿನಲ್ಲಿ ಉತ್ಪಾದನೆ ಒಂದಿಷ್ಟು ಮತ್ತೆ ಶುರುವಾಯಿತು. ಪಕ್ಕದ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಇಂಥ ಊರಿನಲ್ಲಿ ಮಗಳ ಮದುವೆ ಗೊತ್ತುಮಾಡುವುದು, ಮನೆ ಮೇಲೆ ಇನ್ನೊಂದು ಕೋಣೆ ಕಟ್ಟುವುದು, ಮಗನನ್ನು ಯಾವ ಕೋರ್ಸಿಗೆ ಹಾಕುವುದು, ಎಲ್ಲವೂ ದೆಹಲಿಯ ಒಂದು ಸುದ್ದಿಗೆ ತೂಗುಬಿದ್ದಿರುತ್ತವೆ.

ಕಾರ್ಖಾನೆ ಮುಚ್ಚಿದ ಊರನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದ ಅಧ್ಯಯನ ಆಸ್ಟ್ರಿಯಾದ್ದು. ವಿಯೆನ್ನಾ ಬಳಿಯ ಮಾರಿಯೆಂಟಾಲ್‌ನಲ್ಲಿ ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಆರ್ಥಿಕ ಕುಸಿತದ ಹೊತ್ತಿನಲ್ಲಿ ಮುಚ್ಚಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಟ್ಸೈಸೆಲ್ ತಮ್ಮ ತಂಡದೊಂದಿಗೆ 1931ರ ಕೊನೆಯಿಂದ ಅಲ್ಲಿದ್ದು, 1933ರಲ್ಲಿ ಪುಸ್ತಕ ತಂದರು. ಕೆಲಸವಿಲ್ಲದವರು ದಂಗೆಯೇಳುತ್ತಾರೆ, ಇಲ್ಲವೇ ಬಿಡುವನ್ನು ಓದಿಗೆ, ಸಂಘದ ಕೆಲಸಕ್ಕೆ ಬಳಸುತ್ತಾರೆ ಎಂಬ ನಿರೀಕ್ಷೆ ಆ ಕಾಲದಲ್ಲಿತ್ತು. ಅವರು ಕಂಡದ್ದು ಬೇರೆ. ಗ್ರಂಥಾಲಯದಲ್ಲಿ ಪುಸ್ತಕದ ಶುಲ್ಕ ತೆಗೆದುಹಾಕಿದ್ದರೂ 1929ರಿಂದ 1931ರೊಳಗೆ ಎರವಲು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಗಂಡಸರು ಬೀದಿ ದಾಟುವ ವೇಗವನ್ನು ಗಡಿಯಾರ ಹಿಡಿದು ಅಳೆದರು, ಅವರು ನಿಧಾನವಾಗಿ ನಡೆಯುತ್ತ, ಮತ್ತೆ ಮತ್ತೆ ನಿಲ್ಲುತ್ತಿದ್ದರು. ದಿನವಿಡೀ ಏನು ಮಾಡಿದಿರಿ ಎಂದರೆ ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟು ಬೇರೇನೂ ನೆನಪಾಗುತ್ತಿರಲಿಲ್ಲ. ಹೆಂಗಸರಿಗೆ ಹಾಗಾಗಿರಲಿಲ್ಲ. ಕಡಿಮೆ ಕಾಸಿನಲ್ಲಿ ಮನೆ ನಡೆಸುವ ಕೆಲಸ ಅವರಿಗೆ ಇನ್ನೂ ಹೆಚ್ಚಾಗಿತ್ತು. ಆ ಹೊರೆಯೇ ಅವರ ದಿನಕ್ಕೆ ಆಕಾರ ಕೊಟ್ಟಿತ್ತು.

ಯಹೋಡಾ ಈ ಅನುಭವವನ್ನು ಅರ್ಧ ಶತಮಾನ ಮನಸ್ಸಿನಲ್ಲಿಟ್ಟುಕೊಂಡು 1982ರ ಪುಸ್ತಕದಲ್ಲಿ ತಮ್ಮ ವಾದವನ್ನು ಪೂರ್ತಿಯಾಗಿ ಬಿಡಿಸಿಟ್ಟರು. ಕೆಲಸ ಸಂಬಳವನ್ನಷ್ಟೇ ಕೊಡುವುದಿಲ್ಲ. ದಿನಕ್ಕೊಂದು ಗಡಿಯಾರ, ಮನೆಯಾಚೆಯ ಜನರ ಒಡನಾಟ, ನಮಗಿಂತ ದೊಡ್ಡದೊಂದು ಉದ್ದೇಶದಲ್ಲಿ ಪಾಲು, ಸಮಾಜದಲ್ಲಿ ಒಂದು ಸ್ಥಾನ, ಕೈಗೆ ಬಿಡುವಿಲ್ಲದ ಚಟುವಟಿಕೆ, ಇವೆಲ್ಲ ನಮಗೆ ಗೊತ್ತಾಗದಂತೆ ಅದರ ಜೊತೆಗೇ ಬರುತ್ತವೆ. ಕೆಲಸ ಹೋದಾಗ ಅವೆಲ್ಲ ಒಟ್ಟಿಗೆ ಹೋಗುತ್ತವೆ. ಬೇಸರದ ಕೆಲಸ ಬಿಟ್ಟವರೂ ನಾಲ್ಕು ತಿಂಗಳಿಗೆ ಕಂಗಾಲಾಗುವುದೇಕೆ, ವಿಆರ್‌ಎಸ್ ತೆಗೆದುಕೊಂಡು ಕೈತುಂಬ ಹಣದೊಂದಿಗೆ ಮನೆಗೆ ಬಂದವರೂ ಬೆಳಗಾದರೆ ಬಾಗಿಲಲ್ಲಿ ನಿಂತು ರಸ್ತೆ ನೋಡುವುದೇಕೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಓದಿಲ್ಲ. 2020ರ ಜನವರಿ 31ರಂದು ಒಂದೇ ದಿನ ದೇಶದಾದ್ಯಂತ ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು ಸ್ವಯಂ ನಿವೃತ್ತಿ ಪಡೆದರು. ಪರಿಹಾರದ ಮೊತ್ತದ ಬಗ್ಗೆ ಪತ್ರಿಕೆಗಳು ಬರೆದವು. ಮರುದಿನ ಬೆಳಿಗ್ಗೆ ಆ 78 ಸಾವಿರ ಮನೆಗಳಲ್ಲಿ ಏನಾಯಿತು ಎಂಬುದು ಅಷ್ಟೇ ಮುಖ್ಯವಾದ ಸುದ್ದಿಯಾಗಿತ್ತು.

ಇಲ್ಲಿ ಒಂದು ಜನಪ್ರಿಯ ಸಿದ್ಧಾಂತದ ಬಗ್ಗೆ ಎಚ್ಚರಿಕೆ ಹೇಳಬೇಕು. ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ, ಸಾವಿನ ಅಂಚಿನಲ್ಲಿರುವ ರೋಗಿಗಳೊಡನೆ ಮಾತಾಡಿ, ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ಹೇಳಿದರು. ಕಂಪನಿಗಳ ತರಬೇತುದಾರರು ಅದನ್ನು ಎತ್ತಿಕೊಂಡು ಬದಲಾವಣೆಯ ರೇಖೆ ಎಂದು ಹೆಸರಿಟ್ಟು, ಪ್ರತಿ ನೌಕರನೂ ಈ ಇಳಿಜಾರು ಇಳಿದು ಮತ್ತೆ ಏರುತ್ತಾನೆ ಎಂದು ಚಿತ್ರ ಬರೆಯತೊಡಗಿದರು. ಎಲ್ಲರೂ ಇದೇ ಕ್ರಮದಲ್ಲಿ ಹಾದುಹೋಗುತ್ತಾರೆ ಎನ್ನಲು ಗಟ್ಟಿ ಆಧಾರವಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಈ ಚಿತ್ರದಲ್ಲಿ ನೌಕರನ ಸಿಟ್ಟು ತಾನಾಗಿ ಇಳಿಯುವ ಜ್ವರದಂತೆ ಕಾಣುತ್ತದೆ. ಅವನು ಹೇಳುತ್ತಿರುವ ದೂರು ನಿಜವಿರಬಹುದು ಎಂಬ ಯೋಚನೆಗೆ ಅಲ್ಲಿ ಜಾಗವಿಲ್ಲ.

ಫ್ರಾನ್ಸ್ ಟೆಲಿಕಾಂನಲ್ಲಿ ಇದು ಎಲ್ಲಿಗೆ ಮುಟ್ಟಿತೆಂದು ನ್ಯಾಯಾಲಯದ ದಾಖಲೆಯಲ್ಲೇ ಇದೆ. 2006ರಿಂದ ಆ ಕಂಪನಿ 22 ಸಾವಿರ ಜನರನ್ನು ಹೊರಗೆ ಕಳಿಸಲು ಹೊರಟಿತು. ಅವರಲ್ಲಿ ಬಹಳಷ್ಟು ಜನ ಸರ್ಕಾರಿ ನೌಕರರ ಹಕ್ಕುಳ್ಳವರು, ನೇರವಾಗಿ ತೆಗೆಯುವಂತಿರಲಿಲ್ಲ. ಆದ್ದರಿಂದ ಅವರೇ ಬೇಸತ್ತು ಹೋಗುವ ವಾತಾವರಣ ಕಟ್ಟಲಾಯಿತು: ದೂರದ ಊರಿಗೆ ವರ್ಗ, ತಿಳಿಯದ ಕೆಲಸ, ಮತ್ತೆ ಮತ್ತೆ ಬದಲಾಗುವ ತಂಡ. ಮ್ಯಾನೇಜರುಗಳಿಗೆ ಕೊಟ್ಟ ತರಬೇತಿಯಲ್ಲಿ ಕ್ಯೂಬ್ಲರ್-ರಾಸ್ ಹಂತಗಳ ಆ ರೇಖೆಯೂ ಇತ್ತು. ನೌಕರರ ಸರಣಿ ಆತ್ಮಹತ್ಯೆಗಳು ಫ್ರಾನ್ಸನ್ನೇ ಅಲುಗಿಸಿದವು. 2019ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಕಂಪನಿಯನ್ನೂ ಅದರ ಮಾಜಿ ಮುಖ್ಯಸ್ಥ ಡಿಡಿಯೆ ಲೊಂಬಾರ್ ಅವರನ್ನೂ ಸಾಂಸ್ಥಿಕ ಕಿರುಕುಳದ ಅಪರಾಧಿಗಳೆಂದು ಸಾರಿತು. ಆಡಳಿತದ ನೀತಿಯೇ ಕಿರುಕುಳವಾಗಬಲ್ಲದು ಎಂದು ಒಪ್ಪಿದ ಈ ತೀರ್ಪನ್ನು ನಮ್ಮ ಮಾನವ ಸಂಪನ್ಮೂಲ ವಿಭಾಗದವರೆಲ್ಲ ಓದಬೇಕೆಂದು ನನ್ನ ಆಸೆ.

ಇನ್ನು ಒಬ್ಬಂಟಿತನದ ಮಾತು. ಕೆಲಸ ಕಳೆದುಕೊಂಡವರು ತಮಗೆ ತಾವೇ ಯಾವ ಕಾರಣ ಹೇಳಿಕೊಳ್ಳುತ್ತಾರೆ ಎಂಬುದರ ಮೇಲೆ ಅವರ ನೋವಿನ ಬಣ್ಣ ಬದಲಾಗುತ್ತದೆ. ಮಾನವಶಾಸ್ತ್ರಜ್ಞೆ ಕ್ಯಾಥರೀನ್ ನ್ಯೂಮನ್ 1988ರ ಪುಸ್ತಕದಲ್ಲಿ ಅಮೆರಿಕದ ಕೆಲವು ಗುಂಪುಗಳನ್ನು ಹೋಲಿಸಿದರು. ಕೆಲಸ ಹೋದ ಮ್ಯಾನೇಜರುಗಳು ತಪ್ಪೆಲ್ಲ ತಮ್ಮದೇ ಎಂದು ಒಳಗೊಳಗೇ ಕೊರಗಿದರು, ಗೆಳೆಯರಿಂದ ತಪ್ಪಿಸಿಕೊಂಡರು. 1981ರ ಮುಷ್ಕರದಲ್ಲಿ ಅಧ್ಯಕ್ಷ ರೇಗನ್ ವಜಾ ಮಾಡಿದ ವಿಮಾನ ನಿಯಂತ್ರಕರೂ ಬೀದಿಗೆ ಬಿದ್ದಿದ್ದರು, ಆದರೆ ಒಂದು ನ್ಯಾಯಕ್ಕಾಗಿ ಸೋತೆವು ಎಂಬ ನಂಬಿಕೆ ಅವರನ್ನು ಒಟ್ಟಿಗಿಟ್ಟಿತ್ತು. ಹೊಲಿಗೆ ಯಂತ್ರದ ಸಿಂಗರ್ ಕಾರ್ಖಾನೆ ಮುಚ್ಚಿದಾಗ ಕಾರ್ಮಿಕರು ಒಂದು ಊರಿನ ಪರಂಪರೆ ಹೋಯಿತೆಂದು ಕೂಡಿ ಶೋಕಿಸಿದರು. ಕಳೆದುಕೊಂಡದ್ದು ಎಲ್ಲರೂ ಹೆಚ್ಚುಕಡಿಮೆ ಒಂದನ್ನೇ, ತಮ್ಮನ್ನು ತಾವು ಹೀಗಳೆದುಕೊಂಡದ್ದು ಮ್ಯಾನೇಜರುಗಳು ಮಾತ್ರ. ಓಫರ್ ಶರೋನ್ ಅಮೆರಿಕ ಮತ್ತು ಇಸ್ರೇಲಿನ ಬಿಳಿಕಾಲರಿನ ನಿರುದ್ಯೋಗಿಗಳನ್ನು ಹೋಲಿಸಿ 2013ರಲ್ಲಿ ಬರೆದದ್ದೂ ಇದೇ ದಾರಿಯಲ್ಲಿದೆ. ಸಂದರ್ಶನದಲ್ಲಿ ವ್ಯಕ್ತಿತ್ವವನ್ನೇ ಮಾರಬೇಕಾದ ಅಮೆರಿಕದಲ್ಲಿ ತಿರಸ್ಕಾರ ವ್ಯಕ್ತಿಗೇ ಬಡಿಯುತ್ತದೆ. ಅರ್ಹತೆಯ ಪಟ್ಟಿ ನೋಡಿ ಆರಿಸುವ ಇಸ್ರೇಲಿನಲ್ಲಿ ಜನ ವ್ಯವಸ್ಥೆಯನ್ನು ಬೈಯುತ್ತಾರೆ.

ಬೆಂಗಳೂರಿನ ಐಟಿ ಕಂಪನಿಗಳ ಹುಡುಗ ಹುಡುಗಿಯರು ಇದರಲ್ಲಿ ಅಮೆರಿಕದ ಕಡೆಗಿದ್ದಾರೆ. ಪ್ರಾಜೆಕ್ಟ್ ಮುಗಿದು ಬೆಂಚಿಗೆ ಬಂದಾಗ ತನ್ನ ಸ್ಕಿಲ್ಲೇ ಸಾಲದು ಎನ್ನುತ್ತಾರೆ. 2008ರ ಹಿಂಜರಿತವಿರಲಿ, 2022ರ ನಂತರದ ಲೇ ಆಫ್ ಇರಲಿ, ಈಗ ಕೃತಕ ಬುದ್ಧಿಮತ್ತೆಯ ಭಯವಿರಲಿ, ಬಡ್ಡಿದರ, ವಿದೇಶಿ ಗಿರಾಕಿಯ ಬಜೆಟ್, ಮಾರುಕಟ್ಟೆಯ ಏರಿಳಿತ ಎಂಬ ಕಾರಣಗಳೆಲ್ಲ ಕರಗಿ ಕೊನೆಗೆ "ನಾನು ಸಾಲಲಿಲ್ಲ" ಎಂಬ ಒಂದೇ ವಾಕ್ಯ ಉಳಿಯುತ್ತದೆ. ಮುಚ್ಚಿದ ಕೋಣೆಗೆ ಕರೆದು ನೀವೇ ಪೇಪರ್ ಹಾಕಿ ಎಂದು ಹೇಳುವ ಪದ್ಧತಿ ಈ ಭಾವನೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತೆಗೆದವರು ಕಂಪನಿಯವರಾದರೂ ದಾಖಲೆಯಲ್ಲಿ ಬಿಟ್ಟವರು ಇವರೇ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಹೇಳುವುದಿಲ್ಲ, ಮನೆಸಾಲದ ಕಂತು ಉಳಿತಾಯದಿಂದ ಹೋಗುತ್ತಿರುತ್ತದೆ. ಉದ್ಯೋಗವೇ ಪುರುಷನ ಲಕ್ಷಣ ಎಂಬ ಮಾತಿನಲ್ಲಿ ಬೆಳೆದ ಗಂಡಸರಿಗಂತೂ ಇದು ಗಂಡಸುತನಕ್ಕೇ ಬಿದ್ದ ಪೆಟ್ಟು. 2017ರಲ್ಲಿ ಐಟಿ ನೌಕರರಿಗೆಂದೇ ಕರ್ನಾಟಕದಲ್ಲಿ ಒಂದು ಸಂಘಟನೆ ಹುಟ್ಟಿಕೊಂಡಿತು. ಕಾನೂನು ಹೋರಾಟದಲ್ಲಿ ಅದು ಗೆಲ್ಲಲಿ ಸೋಲಲಿ, ಇದು ನನ್ನೊಬ್ಬನಿಗೆ ಆದದ್ದಲ್ಲ ಎಂದು ತಿಳಿಯಲು ಒಂದು ಜಾಗವಾದರೂ ಆಯಿತು.

ಹಾಗಾದರೆ ವ್ಯಕ್ತಿ ಮಾಡಬಹುದಾದದ್ದು ಏನೂ ಇಲ್ಲವೇ? ಇದೆ. ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ 1984ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಬದಲಾಯಿಸಬಹುದಾದದ್ದಕ್ಕೆ ಕೈಹಾಕಬೇಕು, ಬದಲಾಯಿಸಲಾಗದ್ದಕ್ಕೆ ಮನಸ್ಸನ್ನು ಸಂಬಾಳಿಸಿಕೊಳ್ಳಬೇಕು, ಯಾವುದು ಯಾವುದೆಂದು ಆಗಾಗ ಮರುಪರಿಶೀಲಿಸಬೇಕು. ನಾವು ಇದನ್ನು ತಲೆಕೆಳಗಾಗಿ ಮಾಡುವುದೇ ಹೆಚ್ಚು. ವಿಲೀನ ಆಗುತ್ತದೋ ಇಲ್ಲವೋ ಎಂದು ರಾತ್ರಿಯೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಡುಕುತ್ತೇವೆ, ನಮ್ಮ ಕೈಯಲ್ಲೇ ಇರುವ ಪಿಎಫ್ ಖಾತೆಯ ವಿವರ, ಸೇವಾ ದಾಖಲೆ, ಸಾಲದ ಲೆಕ್ಕವನ್ನು ತೆರೆದು ನೋಡಲು ಭಯಪಡುತ್ತೇವೆ.

ಇಲಿನಾಯ್ ಬೆಲ್ ಟೆಲಿಫೋನ್ ಕಂಪನಿಯ ಮ್ಯಾನೇಜರುಗಳನ್ನು ಸಾಲ್ವಟೋರ್ ಮಾಡಿ ಮತ್ತು ಸುಝಾನ್ ಕೊಬಾಸಾ 1975ರಿಂದ ಗಮನಿಸುತ್ತಿದ್ದರು. 1981ರಲ್ಲಿ ಆ ಕಂಪನಿ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೂರರಲ್ಲಿ ಎರಡು ಪಾಲು ಜನ ಆರೋಗ್ಯ, ಕೆಲಸ, ಸಂಸಾರದಲ್ಲಿ ಮುಗ್ಗರಿಸಿದರು, ಒಂದು ಪಾಲು ತಡೆದುಕೊಂಡು ನಿಂತಿತು. ನಿಂತವರಲ್ಲಿ ಕಂಡದ್ದು ಬದುಕಿನಲ್ಲಿ ತೊಡಗಿಕೊಳ್ಳುವ ಗುಣ, ಕೈಲಾದಷ್ಟನ್ನು ಪ್ರಭಾವಿಸಬಲ್ಲೆ ಎಂಬ ನಂಬಿಕೆ, ಬದಲಾವಣೆಯನ್ನು ಕಲಿಕೆಯಾಗಿ ನೋಡುವ ಅಭ್ಯಾಸ. ಈ ಫಲಿತಾಂಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರ ಮೇಲೆ ಕಟ್ಟಿದ ತರಬೇತಿ ಉದ್ಯಮ ಆ ಒಂದು ಪಾಲನ್ನಷ್ಟೇ ನೋಡುತ್ತದೆ. ಮುಗ್ಗರಿಸಿದ ಎರಡು ಪಾಲಿಗೆ ಗುಣ ಕಡಿಮೆ ಎಂದು ಹೇಳಿಬಿಟ್ಟರೆ, ಅರ್ಧ ಕಂಪನಿಯನ್ನು ಒಂದು ವರ್ಷದಲ್ಲಿ ಖಾಲಿ ಮಾಡಿದ ನಿರ್ಧಾರ ಕಣ್ಣಿಗೇ ಬೀಳುವುದಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಭರವಸೆ ಕೊಟ್ಟದ್ದು ಮಿಷಿಗನ್ ವಿಶ್ವವಿದ್ಯಾಲಯದ ಒಂದು ಸರಳ ಯತ್ನ. 1989ರಲ್ಲಿ ಪ್ರಕಟವಾದ ಅದರ ಪರೀಕ್ಷೆಯಲ್ಲಿ ಕೆಲಸ ಕಳೆದುಕೊಂಡವರನ್ನು ಗುಂಪಾಗಿ ಕೂರಿಸಿ ಅರ್ಧ ದಿನದಂತೆ ಕೆಲವು ಬೈಠಕ್ ನಡೆಸಿದರು. ಕೆಲಸ ಹುಡುಕುವ ಬಗೆ ಕಲಿಸಿದರು. ಜೊತೆಗೆ, ತಿರಸ್ಕಾರ ಬಂದೇ ಬರುತ್ತದೆ, ಬಂದಾಗ ಏನು ಮಾಡುತ್ತೀರಿ ಎಂದು ಮೊದಲೇ ಕೂಡಿ ಯೋಚಿಸಿದರು. ಪಾಲ್ಗೊಂಡವರಿಗೆ ಉತ್ತಮ ಕೆಲಸ ಸಿಕ್ಕಿತು. ಮುಂದಿನ ಪರೀಕ್ಷೆಗಳಲ್ಲಿ, ಖಿನ್ನತೆಗೆ ಜಾರುವ ಅಪಾಯ ಹೆಚ್ಚಿದ್ದವರಿಗೇ ಇದರಿಂದ ಹೆಚ್ಚು ಲಾಭವಾದದ್ದು ಕಂಡಿತು. ಫಿನ್ಲೆಂಡ್ ಇದನ್ನು ತನ್ನದಾಗಿಸಿಕೊಂಡಿತು. ಇದರಲ್ಲಿ ದುಬಾರಿಯಾದದ್ದು ಏನೂ ಇಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದ ಒಂದು ಕೋಣೆ ಸಾಕು.

ಬರೆಯುವುದರಿಂದಲೂ ಉಪಯೋಗವಿದೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಂಗಡಿಗರು 1994ರಲ್ಲಿ, ಕೆಲಸದಿಂದ ತೆಗೆದುಹಾಕಲ್ಪಟ್ಟ 63 ನಡುವಯಸ್ಸಿನ ವೃತ್ತಿಪರರ ಮೇಲೆ ಮಾಡಿದ ಅಧ್ಯಯನದಲ್ಲಿ, ಐದು ದಿನ ಇಪ್ಪತ್ತು ನಿಮಿಷ ತಮ್ಮ ಸಿಟ್ಟು, ಅವಮಾನವನ್ನು ಮುಚ್ಚುಮರೆಯಿಲ್ಲದೆ ಬರೆದವರಿಗೆ ಉಳಿದವರಿಗಿಂತ ಬೇಗ ಕೆಲಸ ಸಿಕ್ಕಿತು. ಅವರು ಹೆಚ್ಚು ಅರ್ಜಿ ಹಾಕಿರಲಿಲ್ಲ. ಒಳಗಿನ ಕಹಿ ಸಂದರ್ಶನದ ಮೇಜಿನ ಮೇಲೆ ಚೆಲ್ಲುವುದು ಕಡಿಮೆಯಾಗಿರಬಹುದು ಎಂಬುದು ಅವರ ಊಹೆ. ಸಣ್ಣ ಅಧ್ಯಯನ, ಅದರ ಮೇಲೆ ದೊಡ್ಡ ಮಾಳಿಗೆ ಕಟ್ಟಬಾರದು. ಆದರೂ ಒಂದು ನೋಟ್‌ಬುಕ್ಕಿನ ಖರ್ಚಿಗೆ ಇಷ್ಟು ಸಿಗುವುದಾದರೆ ಮಾಡಿನೋಡುವುದರಲ್ಲಿ ತಪ್ಪಿಲ್ಲ.

ಇವೆಲ್ಲದರ ಕೆಳಗೆ ದುಡ್ಡಿನ ಪ್ರಶ್ನೆ ಇದೆ. ಮನಶ್ಶಾಸ್ತ್ರದ ಪುಸ್ತಕಗಳು ಅದನ್ನು ಬೇಗ ದಾಟಿಬಿಡುತ್ತವೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಮುದುಕರಾದಾಗ ಒಳ್ಳೆಯದಾಗಲಿ ಎಂದೇ ಈ ನಿಯಮ ಎಂದು ಅಧಿಕಾರಿಗಳು ತಿಳಿದಿದ್ದರು. ಹೊಲಿಗೆ ಮೆಷಿನ್ನಿನ ಮುಂದೆ ಕೂತವಳ ಲೆಕ್ಕ ಬೇರೆ. ಫ್ಯಾಕ್ಟರಿ ಯಾವಾಗ ಮುಚ್ಚುತ್ತದೋ, ಸೂಪರ್‌ವೈಸರ್ ಯಾವಾಗ ಬರಬೇಡ ಎನ್ನುತ್ತಾನೋ ತಿಳಿಯದ ಬದುಕಿನಲ್ಲಿ, ಕೆಲಸ ಬಿಟ್ಟರೆ ಕೈಗೆ ಬರುವ ಆ ಹಣವೇ ಅವಳ ಧೈರ್ಯ. ಮಗಳ ಫೀಸು, ಊರಿನ ಸಾಲ, ಮುಂದಿನ ಕೆಲಸ ಸಿಗುವವರೆಗಿನ ಅಕ್ಕಿ ಎಲ್ಲವೂ ಅದರಲ್ಲಿತ್ತು. 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಅನಿಶ್ಚಿತತೆ ವರ್ಷಕ್ಕೊಮ್ಮೆ ಮರುಕಳಿಸುವಂಥದ್ದು. ಶೈಕ್ಷಣಿಕ ವರ್ಷ ಮುಗಿದಾಗ ಅವರ ಕೆಲಸವೂ ಮುಗಿಯುತ್ತದೆ, ಮತ್ತೆ ಅರ್ಜಿ, ಮತ್ತೆ ಪಟ್ಟಿ, ಮತ್ತೆ ಕೌನ್ಸೆಲಿಂಗ್. ಹದಿನೈದು ವರ್ಷ ಪಾಠ ಮಾಡಿದವರೂ ಜೂನ್ ಬಂದರೆ ಹೊಸಬರು. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಗರಿಷ್ಠ 32 ಸಾವಿರದವರೆಗೆ ಏರಿಸಿತು, ಜೊತೆಗೇ ವಾರದ ಪಾಠವನ್ನು 15 ಗಂಟೆಗೆ ಹೆಚ್ಚಿಸಿತು. ಪಾಠದ ಗಂಟೆ ಹೆಚ್ಚಿದರೆ ಬೇಕಾಗುವ ಜನ ಕಡಿಮೆ. ಒಂದೇ ಆದೇಶ ಒಬ್ಬರ ಮನೆಯಲ್ಲಿ ಸಿಹಿ ಹಂಚಿಸಿತು, ಅವರ ಪಕ್ಕದ ಕುರ್ಚಿಯವರನ್ನು ಮನೆಗೆ ಕಳಿಸಿತು. ಕಾಯಂ ಮಾಡಿ ಎಂಬ ಅವರ ಬೇಡಿಕೆಯಲ್ಲಿ ಸಂಬಳಕ್ಕಿಂತ ಹೆಚ್ಚಾಗಿ, ಮುಂದಿನ ವರ್ಷವನ್ನು ಊಹಿಸಿಕೊಳ್ಳುವ ಹಕ್ಕು ಕಾಣುತ್ತದೆ. ಅದನ್ನು ಬರೀ ಹಣಕಾಸಿನ ಕಡತವಾಗಿ ನೋಡುವವರೆಗೆ ಈ ಸಮಸ್ಯೆ ತೀರದು.

ಇಂಥ ಕಾಯುವಿಕೆಯ ದುಃಖ ರೋಗವಾಗಿ ತಿರುಗುವ ಗೆರೆ ಎಲ್ಲಿ? ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಬೇಡವೆನಿಸಿದರೆ, ಕುಡಿತ ಹೆಚ್ಚಿದರೆ, ಸಾಯುವ ಯೋಚನೆ ಬಂದರೆ ಕಾಯುತ್ತ ಕೂರಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಅದರ ಮೇಲುಸ್ತುವಾರಿಯ ಕೇಂದ್ರ ನಮ್ಮ ನಿಮ್ಹಾನ್ಸ್. ಮನೆಯವರು ಕರೆ ಮಾಡಿ ಸಲಹೆ ಕೇಳಬಹುದು. ಮನೆಯವರ ಪಾತ್ರ ದೊಡ್ಡದು. ಕೆಲಸ ಸಿಕ್ಕಿತಾ ಎಂದು ದಿನಾ ಕೇಳುವುದರ ಬದಲು ಬೆಳಗಿನ ತಿಂಡಿಯ ಹೊತ್ತು, ಸಂಜೆಯ ನಡಿಗೆ, ಮಗುವನ್ನು ಶಾಲೆಗೆ ಬಿಡುವ ಜವಾಬ್ದಾರಿ, ಹೀಗೆ ದಿನದ ಆಕಾರವನ್ನು ಉಳಿಸಿಕೊಡುವುದು ಮಾರಿಯೆಂಟಾಲ್‌ನ ಗಂಡಸರಿಗೆ ಸಿಗದೇ ಹೋದ ಔಷಧ.

ಎಲ್ಲಕ್ಕಿಂತ ಹೊಸ ಬಗೆಯ ಕಾಯುವಿಕೆ ಊಟ, ದಿನಸಿ ತಲುಪಿಸುವ ಹುಡುಗರದ್ದು, ಕ್ಯಾಬ್ ಓಡಿಸುವವರದ್ದು. ಕೆಲಸ ಹೋಯಿತು ಎಂಬುದಕ್ಕೆ ಅವರು "ಐಡಿ ಬ್ಲಾಕ್ ಆಯ್ತು" ಎನ್ನುತ್ತಾರೆ. ಬೆಳಿಗ್ಗೆ ಆ್ಯಪ್ ತೆರೆದರೆ ಲಾಗಿನ್ ಆಗುವುದಿಲ್ಲ. ಯಾವ ಗಿರಾಕಿಯ ದೂರು, ಯಾವ ದಿನದ ತಪ್ಪು, ಎಷ್ಟು ದಿನಕ್ಕೆ ಎಂದು ಹೇಳುವವರಿಲ್ಲ. ಜಗಳವಾಡಲು ಒಬ್ಬ ಮ್ಯಾನೇಜರೂ ಇಲ್ಲ. ಸುದ್ದಿಯಿಲ್ಲದಿರುವುದು, ಒಬ್ಬಂಟಿಯಾಗಿರುವುದು, ಎರಡೂ ಇಲ್ಲಿ ಒಟ್ಟಿಗೆ ಬಂದು ಕೂತಿವೆ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯ ಬಗ್ಗೆ ಮಾತಾಡುವವರು ಪ್ರತಿ ವಹಿವಾಟಿನ ಮೇಲಿನ ಕಲ್ಯಾಣ ಶುಲ್ಕವನ್ನೇ ಹೆಚ್ಚಾಗಿ ಚರ್ಚಿಸುತ್ತಾರೆ. ಮನಸ್ಸಿನ ಆರೋಗ್ಯದ ದೃಷ್ಟಿಯಿಂದ ನನಗೆ ಅದರ ಇನ್ನೊಂದು ಕಲಮು ಮುಖ್ಯ: ಕಾರ್ಮಿಕನನ್ನು ತೆಗೆಯಬೇಕಾದರೆ ಕಂಪನಿ ಕಾರಣವನ್ನು ಬರಹದಲ್ಲಿ ಕೊಡಬೇಕು, 14 ದಿನ ಮುಂಚೆ ತಿಳಿಸಬೇಕು. ಹದಿನಾಲ್ಕು ದಿನದಲ್ಲಿ ಬೈಕಿನ ಕಂತಿಗೆ ಯಾರನ್ನಾದರೂ ಕೇಳಬಹುದು, ತನ್ನ ಕಡೆಯ ಮಾತನ್ನು ಹೇಳಬಹುದು, ಇನ್ನೊಂದು ಕಂಪನಿಯಲ್ಲಿ ಹೆಸರು ಬರೆಸಬಹುದು. ಈ ಕಲಮು ಕಾಗದದಿಂದ ಬೀದಿಗೆ ಬರುತ್ತಿದೆಯೇ ಎಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಆರ್ಡರಿಗಾಗಿ ಕಾಯುತ್ತಿರುವವರನ್ನೇ ಕೇಳುತ್ತಿರಬೇಕು.